ಹನಿ ನೀರಿಗೆ ಹೊತ್ತಿಕೊಳ್ಳುವ ಬಿಳಿ ಪುಡಿ

ಬನಹಟ್ಟಿಯ ನಮ್ಮ ಬಣ್ಣದ ಮನೆಯಲ್ಲಿ ಹೈಡ್ರೋಸಿನ ಡ್ರಮ್ಮಿಗೆ ಒಂದು ಮೂಲೆಯೇ ಮೀಸಲು. ಕೆಳಗೆ ಮರದ ಹಲಗೆ, ಅದರ ಮೇಲೆ ಡ್ರಮ್ಮು, ಬಿಗಿಯಾದ ಮುಚ್ಚಳದ ಮೇಲೆ ಬೋರಲು ಹಾಕಿದ ಒಣ ಡಬ್ಬಿ. ನೂಲು ಅದ್ದುವ ತೊಟ್ಟಿ ಇರುವುದು ಎದುರು ಗೋಡೆಯ ಬಳಿ. ಹೊಸದಾಗಿ ಬಂದ ಹುಡುಗರು, "ಇಷ್ಟ್ ದೂರ ಯಾಕ್ರೀ ಕಾಕಾ? ತೊಟ್ಟಿ ಬಾಜೂಕನ ಇಟ್ಟರ ಆಗೂದಿಲ್ಲೇನು?" ಎಂದು ಕೇಳುತ್ತಾರೆ. ನಾನು ಹೇಳುವುದಿಷ್ಟೇ: "ತಮ್ಮಾ, ಅದಕ್ಕ ನೀರು ಬೇಕು, ಖರೆ. ಆದರ ಹನಿ ನೀರು ಆಗಿಬರೂದಿಲ್ಲ."

ಹೈಡ್ರೋಸನ್ನು ಹೇಗೆ ಇಡಬೇಕು, ಹೇಗೆ ಬಳಸಬೇಕು, ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬುದೆಲ್ಲ ಈ ಒಂದು ಗುಣದ ಸುತ್ತಲೇ ಇದೆ.

ವ್ಯಾಪಾರದಲ್ಲಿ ಇದರ ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ರಸಾಯನಶಾಸ್ತ್ರದ ಪುಸ್ತಕದಲ್ಲಿ ಸೋಡಿಯಂ ಡೈಥಯೊನೈಟ್. ಎರಡು ಸೋಡಿಯಂ, ಎರಡು ಗಂಧಕ, ನಾಲ್ಕು ಆಮ್ಲಜನಕದ ಪರಮಾಣುಗಳು ಸೇರಿದ ಲವಣ. ಅದರ ಜೀವ ಇರುವುದು ಎರಡು ಗಂಧಕಗಳ ನಡುವಿನ ಬಂಧದಲ್ಲಿ. ಸಾಮಾನ್ಯವಾಗಿ ಎರಡು ಗಂಧಕಗಳ ನಡುವೆ ಸುಮಾರು 2.05 ಆಂಗ್‌ಸ್ಟ್ರಾಂ ಅಂತರವಿರುತ್ತದೆ. ಇದರಲ್ಲಿ ಅದು 2.39. ಬಂಧ ಉದ್ದವಾದಷ್ಟೂ ದುರ್ಬಲ. ನೀರಿನಲ್ಲಿ ಕರಗಿದಾಗ ಒಂದಷ್ಟು ಬಂಧಗಳು ಮುರಿದು, ಎಲೆಕ್ಟ್ರಾನ್ ಬಿಟ್ಟುಕೊಡಲು ಕಾದಿರುವ ಚೂರುಗಳಾಗುತ್ತವೆ. ಅದಕ್ಕೇ ಇದು ಇಷ್ಟು ಜೋರಾದ ಅಪಕರ್ಷಕ.

ಬಣ್ಣಗಾರರಿಗೆ ಬೇಕಾದದ್ದೂ ಇದೇ ಗುಣ. ನೀಲಿ ಬಣ್ಣದ ಪುಡಿ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ನೂಲಿಗೆ ಹತ್ತುವುದೂ ಇಲ್ಲ. ಬೆಚ್ಚಗಿನ ನೀರಿಗೆ ಕಾಸ್ಟಿಕ್ ಸೋಡಾ, ನೀಲಿ ಹಾಕಿ, ಮೇಲಿಂದ ಹೈಡ್ರೋಸ್ ಉದುರಿಸಿ ಮೆಲ್ಲಗೆ ಕದಡಬೇಕು. ಸ್ವಲ್ಪ ಹೊತ್ತಿಗೆ ತೊಟ್ಟಿಯ ನೀಲಿ ಹರಿದು ಹಳದಿ-ಹಸಿರು ದ್ರಾವಣವಾಗುತ್ತದೆ. ಮೇಲೆ ಮಾತ್ರ ತಾಮ್ರದ ಹೊಳಪಿನ ಒಂದು ಪೊರೆ ಉಳಿಯುತ್ತದೆ. ಬಿಳಿ ಲಡಿಯನ್ನು ಅದ್ದಿ ಎತ್ತಿದರೆ ಅದೂ ಹಳದಿ-ಹಸಿರು. ಗಾಳಿಗೆ ಹಿಡಿದಂತೆ ಅಂಚಿನಿಂದ ಹಸಿರು ಗಾಢವಾಗಿ, ನೋಡನೋಡುತ್ತಲೇ ನೀಲಿಗೆ ತಿರುಗುತ್ತದೆ. ಹೈಡ್ರೋಸ್ ಬದಲಿಸಿದ್ದನ್ನು ಗಾಳಿಯ ಆಮ್ಲಜನಕ ಮತ್ತೆ ಮೊದಲಿನಂತೆ ಮಾಡಿತು. ಆ ಹೊತ್ತಿಗೆ ಬಣ್ಣ ಎಳೆಯ ಒಳಗೆ ಸೇರಿ ಗಟ್ಟಿಯಾಗಿರುತ್ತದೆ.

ಗಾಳಿ ತೊಟ್ಟಿಯೊಳಗಿನ ಹೈಡ್ರೋಸನ್ನೂ ಬಿಡುವುದಿಲ್ಲ. ರಭಸದಿಂದ ಕದಡಿದರೆ ಅದು ದಂಡವಾಗುತ್ತದೆ. ಅದಕ್ಕಾಗಿ ಹಳದಿ ಪರೀಕ್ಷಾ ಕಾಗದ ಅದ್ದಿ ನೋಡುತ್ತೇವೆ. ಕಾಗದ ಬೇಗ ನೀಲಿಯಾದರೆ ಹೈಡ್ರೋಸ್ ಸಾಕಷ್ಟಿದೆ ಎಂದು ಲೆಕ್ಕ.

ಇನ್ನು ಅಪಾಯದ ಮಾತು. ತೊಟ್ಟಿ ತುಂಬ ನೀರಿದ್ದಾಗ ಹೈಡ್ರೋಸಿನಿಂದ ಹುಟ್ಟುವ ಶಾಖವನ್ನು ಆ ನೀರೇ ಹೀರಿಕೊಳ್ಳುತ್ತದೆ. ಡ್ರಮ್ಮಿನೊಳಗೆ ಒಂದು ಒದ್ದೆ ಸೌಟು ಇಳಿದರೆ ಹಾಗಲ್ಲ. ಪುಡಿ ತೇವದೊಡನೆ ವರ್ತಿಸಿ ಬಿಸಿಯಾಗುತ್ತದೆ, ಸುತ್ತಲ ಪುಡಿ ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಶಾಖ ಏರಿದಂತೆ ಒಡೆಯುವಿಕೆ ಜೋರಾಗುತ್ತದೆ, ಅದು ಇನ್ನಷ್ಟು ಶಾಖ ಕೊಡುತ್ತದೆ. ಕಡೆಗೆ ತಾನಾಗಿ ಹೊತ್ತಿಕೊಳ್ಳುತ್ತದೆ. ಜೊತೆಗೆ ಗಂಧಕದ ಡೈಆಕ್ಸೈಡ್ ಏಳುತ್ತದೆ: ಬೆಂಕಿಕಡ್ಡಿ ಗೀರಿದಾಗ ಬರುವ ಘಾಟು, ನೂರು ಪಟ್ಟು. ಗಂಟಲು ಕಟ್ಟುತ್ತದೆ. ಉಬ್ಬಸದವರಿಗಂತೂ ಪ್ರಾಣಕ್ಕೇ ಬರಬಹುದು.

1995ರ ಏಪ್ರಿಲ್ 21ರಂದು ಅಮೆರಿಕದ ನ್ಯೂಜೆರ್ಸಿಯ ಲೋಡೈ ಎಂಬ ಊರಿನ ನ್ಯಾಪ್ ಟೆಕ್ನಾಲಜೀಸ್ ಕಾರ್ಖಾನೆಯಲ್ಲಿ ನಡೆದದ್ದು ಇಂಥದೇ. ಹೈಡ್ರೋಸ್ ಮತ್ತು ಅಲ್ಯೂಮಿನಿಯಂ ಪುಡಿಯನ್ನು ದೊಡ್ಡ ಮಿಶ್ರಣಯಂತ್ರಕ್ಕೆ ತುಂಬಿದ್ದರು. ಒಳಗೆ ನೀರು ಸೇರಿತ್ತು ಎಂಬುದು ತನಿಖೆಯಲ್ಲಿ ಕಂಡುಬಂದ ಬಲವಾದ ಕಾರಣ. ಕಾಯುತ್ತಿದ್ದ ಮಿಶ್ರಣವನ್ನು ಖಾಲಿ ಮಾಡಲು ಹೋದಾಗ ಸ್ಫೋಟವಾಗಿ ಐವರು ಕೆಲಸಗಾರರು ಸತ್ತರು.

ಹೊತ್ತಿಕೊಂಡ ಹೈಡ್ರೋಸಿನ ಮೇಲೆ ಜನ ಮರಳು, ಗೋಣಿಚೀಲ ಎಸೆಯಲು ಓಡುತ್ತಾರೆ. ಅದರಿಂದ ಉಪಯೋಗವಿಲ್ಲ. ಅದು ಒಡೆಯುವುದಕ್ಕೆ ಹೊರಗಿನ ಗಾಳಿಯೇ ಬೇಡ, ಹಾಗಾಗಿ ಮುಚ್ಚಿ ಉಸಿರುಗಟ್ಟಿಸಲು ಬರುವುದಿಲ್ಲ. ತಂಬಿಗೆ ನೀರು ಚಿಮುಕಿಸಿದರೆ ಇನ್ನೂ ಕೆಟ್ಟದ್ದು. ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕ ದಳವನ್ನು ಕರೆದು, ಹೈಡ್ರೋಸ್ ಎಂದು ಮೊದಲೇ ತಿಳಿಸಬೇಕು. ಅವರು ದೂರದಿಂದ ಧಾರಾಳ ನೀರು ಹರಿಸಿ ಮುಳುಗಿಸಿಬಿಡುತ್ತಾರೆ. ಹನಿ ನೀರು ಹೊತ್ತಿಸಿದ್ದನ್ನು ಹೊಳೆಯಂಥ ನೀರು ಆರಿಸುತ್ತದೆ.

ಬಣ್ಣದ ಮನೆಯ ಕಪಾಟಿನಲ್ಲಿ ಇದಕ್ಕೆ ವೈರಿಗಳು ಬೇರೆ ಇವೆ. ಬ್ಲೀಚಿಂಗ್ ಪೌಡರ್, ಹೈಡ್ರೋಜನ್ ಪೆರಾಕ್ಸೈಡ್ ಇವೆಲ್ಲ ಆಮ್ಲಜನಕ ಕೊಡುವಂಥವು, ಹೈಡ್ರೋಸಿನ ಜೊತೆ ಕೂಡಿದರೆ ಉರಿ. ಆಸಿಡ್ ತಗಲಿದರೂ ಗಂಧಕದ ಘಾಟು ಏಳುತ್ತದೆ. ಇವನ್ನೆಲ್ಲ ಬೇರೆ ಕೋಣೆಯಲ್ಲೇ ಇಡಬೇಕು. ನೆಲಕ್ಕೆ ಚೆಲ್ಲಿದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸಿ ಒಣ ಡಬ್ಬಿಗೆ ತೆಗೆಯಬೇಕು. ಹಸಿ ಕಸದ ಬುಟ್ಟಿಗೆ ಹಾಕಿದರೆ ಬುಟ್ಟಿಯೇ ಹೊತ್ತಬಹುದು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಡಾಕ್ಟರ ಬಳಿ ಹೋಗಬೇಕು.

ಬಟ್ಟೆಯ ಕೆಲಸಕ್ಕೆ ಸಂಬಂಧವಿಲ್ಲದವರೂ ಹೈಡ್ರೋಸಿನ ಹೆಸರು ಕೇಳಿರಬಹುದು. ಬೆಲ್ಲವನ್ನು ಹೊನ್ನಿನ ಬಣ್ಣಕ್ಕೆ ತರಲು ಕೆಲವು ಆಲೆಮನೆಗಳಲ್ಲಿ ಹಾಕುವುದೂ ಇದನ್ನೇ. ನಮ್ಮ ಪಕ್ಕದ ಮಹಾಲಿಂಗಪುರ ದೊಡ್ಡ ಬೆಲ್ಲದ ಪೇಟೆ. ಅಲ್ಲಿ ಕೊಳ್ಳುವಾಗ ನಾನು ಕಂದು ಬೆಲ್ಲವನ್ನೇ ಆರಿಸುತ್ತೇನೆ. ಬೆಂಡೆಗಿಡದ ಲೋಳೆ, ಸುಣ್ಣದ ತಿಳಿಯಿಂದಲೇ ಹಿಂದಿನವರು ಕಬ್ಬಿನ ಹಾಲಿನ ಕೊಳೆ ತೆಗೆಯುತ್ತಿದ್ದರು. ಬೆಲ್ಲದ ಬಿಳುಪಿಗೆ ರುಚಿ ಇಲ್ಲ.

ಡ್ರಮ್ಮಿನ ಮೇಲಿನ ಎಚ್ಚರಿಕೆಯೆಲ್ಲ ಇಂಗ್ಲಿಷಿನಲ್ಲಿರುತ್ತದೆ. ಒಂದು ಮೂಲೆಯಲ್ಲಿ 1384 ಎಂಬ ಅಂಕಿ, ಸಾಗಣೆಗೆ ವಿಶ್ವಸಂಸ್ಥೆಯ ಪಟ್ಟಿ ಕೊಟ್ಟ ಸಂಖ್ಯೆ. ಅದನ್ನು ಓದಿ ತಿಳಿಯುವವರು ನಮ್ಮ ಕೆಲಸದಲ್ಲಿ ಕಡಿಮೆ. ಆದ್ದರಿಂದ ಡ್ರಮ್ಮಿನ ಮೇಲಿನ ಗೋಡೆಗೆ ಕೆಂಪು ಬಣ್ಣದಲ್ಲಿ ಕನ್ನಡದಲ್ಲೇ ಬರೆಸಿದ್ದೇವೆ: ಒಣ ಕೈ, ಒಣ ಸೌಟು. ಪುಡಿಯನ್ನು ನೀರಿಗೆ ಹಾಕು, ನೀರನ್ನು ಪುಡಿಗೆ ಹಾಕಬೇಡ. ತೆಗೆದದ್ದನ್ನು ತಿರುಗಿ ಡ್ರಮ್ಮಿಗೆ ಸುರಿಯಬೇಡ. ಘಾಟು ಬಂದರೆ ಮೊದಲು ಹೊರಗೆ ಬಾ.