ಬಾವಲಿಯ ದೇಹಧರ್ಮವೂ ನಮ್ಮ ಭೀತಿಯೂ

ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ನಾಡಿಗೆಲ್ಲ ಹೆಮ್ಮೆಯ ಸಂಗತಿ. ಆದರೆ ಪಾಳುಗುಡಿಗಳ ಕತ್ತಲೆಗೂ ಊರ ಹಳೆಯ ಆಲದ ಮರಗಳಿಗೂ ಬಹುಕಾಲದ ಒಕ್ಕಲಾದ ಬಾವಲಿಯನ್ನು ಯಾರೂ ಹೆಮ್ಮೆಯಿಂದ ನೆನೆಯರು. 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಪಾ ರೋಗವು ಕಾಣಿಸಿಕೊಂಡಂದಿನಿಂದ, ಆ ವೈರಸ್ಸಿಗೆ ಹಣ್ಣುಬಾವಲಿಯೇ ಆಶ್ರಯವೆಂದು ತಿಳಿದವರು, ಹೊಗೆ ಹಾಕಿ ಓಡಿಸಿರಿ, ಮರ ಕಡಿಸಿರಿ ಎನ್ನುವುದುಂಟು. ಅರಸೀಕೆರೆ, ಬೇಲೂರು ಸೀಮೆಯ ನಮ್ಮ ಓದುಗರು ಈ ಮಾತಿಗೆ ಕಿವಿಗೊಡುವ ಮುನ್ನ ಆ ಪ್ರಾಣಿಯ ದೇಹಧರ್ಮವನ್ನು ಅರಿಯುವುದು ಒಳ್ಳೆಯದು.

ಮನುಷ್ಯನನ್ನು ಕೊಲ್ಲುವ ವೈರಸ್ಸು ಬಾವಲಿಯನ್ನು ಕೊಲ್ಲದಿರುವುದೇಕೆ? ಅದರ ಮೈಯೊಳಗಿನ ಆಡಳಿತದಲ್ಲಿ ಎರಡು ಗುಣಗಳುಂಟು. ಒಂದು, ಸದಾ ಎಚ್ಚರ. ವೈರಸ್ಸು ಹೊಕ್ಕಾಗ ಮಾತ್ರ ನಮ್ಮಲ್ಲಿ ಹೆಚ್ಚುವ ಇಂಟರ್‌ಫೆರಾನೆಂಬ ರಕ್ಷಕದ್ರವ್ಯವು ಆಸ್ಟ್ರೇಲಿಯದ ಕಪ್ಪು ಹಣ್ಣುಬಾವಲಿಯಲ್ಲಿ ರೋಗವಿಲ್ಲದಾಗಲೂ ಇರುವುದೆಂದು 2016ರಲ್ಲಿ ಪ್ರಕಟವಾಯಿತು. ಇನ್ನೊಂದು, ಸಂಯಮ. ಉರಿಯೂತವನ್ನು ಎಬ್ಬಿಸುವ ಸ್ಟಿಂಗ್ ಎಂಬ ಪ್ರೋಟೀನು ಬಾವಲಿಗಳಲ್ಲಿ ಮಂದವೆಂದು 2018ರಲ್ಲಿಯೂ, ಅಂತಹದೇ ಮತ್ತೊಂದು ಪ್ರೋಟೀನಿನ ಆವೇಶವು ತಗ್ಗಿರುವುದೆಂದು 2019ರಲ್ಲಿಯೂ ತಿಳಿದುಬಂದಿತು. ಕಳ್ಳನನ್ನು ಹಿಡಿಯುವ ಭರದಲ್ಲಿ ಊರನ್ನೇ ಸುಡುವ ದಫೇದಾರನಂತೆ ನಮ್ಮ ದೇಹವು ವರ್ತಿಸಿದರೆ, ಬಾವಲಿಯದು ಹಾಗಲ್ಲ. ಹಾರಾಟದ ಅಪಾರ ಶ್ರಮದಿಂದ ಜೀವಕೋಶಗಳಿಗಾಗುವ ಘಾಸಿಯನ್ನು ತಾಳಿಕೊಳ್ಳಲು ಈ ಸಂಯಮವು ಬೆಳೆದಿರಬೇಕೆಂದು ವಿದ್ವಾಂಸರ ಊಹೆ. ಆದರೂ ಬಾವಲಿಯು ಅಜೇಯವಲ್ಲ. ಹುಚ್ಚುನಾಯಿ ರೋಗದ ವೈರಸ್ಸಿಗೆ ಅದೂ ಬಲಿಯಾಗುವುದುಂಟು.

ಇಲ್ಲಿಯೇ ಮುಖ್ಯಾಂಶವಿದೆ. ಕಾಡು ಕ್ಷೀಣಿಸಿ ಆಹಾರ ಸಾಲದಾದಾಗ ಹಣ್ಣುಬಾವಲಿಗಳು ಊರುಗಳತ್ತ ಬಂದು, ಹೆಂಡ್ರಾ ವೈರಸ್ಸು ಅವುಗಳಿಂದ ಕುದುರೆಗಳಿಗೆ ಹೆಚ್ಚಾಗಿ ದಾಟಿತೆಂಬುದು ಆಸ್ಟ್ರೇಲಿಯದ ಅನುಭವ. ಆದುದರಿಂದ ನೆಲೆ ತಪ್ಪಿಸಿ ಚದುರಿಸುವುದು ರೋಗವನ್ನು ತಡೆಯುವ ದಾರಿಯಲ್ಲ, ಕರೆತರುವ ದಾರಿಯಾದೀತು.

1972ರ ವನ್ಯಜೀವಿ ಕಾಯಿದೆಯು ಹಣ್ಣುಬಾವಲಿಯನ್ನು ಪೀಡೆಪ್ರಾಣಿಗಳ ಪಟ್ಟಿಯಲ್ಲಿರಿಸಿತ್ತು. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ರದ್ದಾಯಿತು. ಕಾಯಿದೆಯು ಬದಲಾದಂತೆ ಜನರ ಮನಸ್ಸೂ ಬದಲಾಗಬೇಡವೆ? ಹೂವಿನ ಪರಾಗವನ್ನು ಸಾಗಿಸಿ, ಬೀಜ ಬಿತ್ತಿ ಮರ ಬೆಳೆಸುವ ಜೀವಿಯಿದು; ಇದರ ದಾಯಾದಿಗಳಾದ ಚಿಕ್ಕ ಬಾವಲಿಗಳು ಇರುಳೆಲ್ಲ ಕೀಟಗಳನ್ನು ತಿನ್ನುತ್ತವೆ.

ಕಚ್ಚಿಬಿದ್ದ ಹಣ್ಣನ್ನು ತಿನ್ನಬೇಡಿರಿ. ಬಿದ್ದ ಬಾವಲಿಯನ್ನು ಬರಿಗೈಯಿಂದ ಮುಟ್ಟಬೇಡಿರಿ. ಕಚ್ಚಿತೆಂದರೆ ಗಾಯವನ್ನು ಸಾಬೂನು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿರಿ. ಪುರಸಭೆಯವರೂ ಅರಣ್ಯಾಧಿಕಾರಿಗಳೂ ಈ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಲಿ. ಕೊಡಲಿಯನ್ನು ಮಾತ್ರ ಕೆಳಗಿಡಿಸಲಿ. ಎಚ್ಚರವೂ ಸಂಯಮವೂ ಕೂಡಿದರೆ ಬಾಳು ಉಳಿಯುವುದೆಂಬುದನ್ನು ತಲೆಕೆಳಗಾಗಿ ತೂಗುವ ಆ ಜೀವಿಯಿಂದ ನಾವು ಕಲಿತರೆ ಅವಮಾನವೇನೂ ಇಲ್ಲ.