ಯಾರು ಹೇಳಿದ್ದು ಅಜ್ಜಿ?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ತುಮಕೂರಿನಿಂದ ನಮ್ಮಮ್ಮನ ವಿಡಿಯೋ ಕಾಲ್ ಬಂತು. ಹಿಂದಿನ ದಿನ ಅವರು ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಸಂದೇಶ ಹಾಕಿದ್ದರು. ನಮ್ಮ ರಾಷ್ಟ್ರಗೀತೆ ಜಗತ್ತಿನಲ್ಲೇ ಶ್ರೇಷ್ಠ ಅಂತ ಯುನೆಸ್ಕೋ ಘೋಷಿಸಿದೆಯಂತೆ. ಯುನೆಸ್ಕೋ ಅಂಥದ್ದೇನೂ ಘೋಷಿಸಿಲ್ಲ, ವರ್ಷಗಳಿಂದ ಸುತ್ತುತ್ತಾ ಇರೋ ಸುಳ್ಳು ಅದು. ಅಮ್ಮನಿಗೆ ಬೇಜಾರಾಗೋದು ಬೇಡ ಅಂತ ನಾನು ಸುಮ್ಮನಿದ್ದೆ. ಎಂಟು ವರ್ಷದ ಮಗಳು ಸುಮ್ಮನಿರಲಿಲ್ಲ. "ಅಜ್ಜಿ, ಇದನ್ನ ಯಾರು ಹೇಳಿದ್ದು? ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳೇಬಿಟ್ಟಳು.

"ದೊಡ್ಡವರಿಗೆ ಎದುರು ಮಾತಾಡ್ಬೇಡ" ಅಂದೆ.

ಆಮೇಲೆ ನನಗೇ ನಾಚಿಕೆ ಆಯ್ತು. ನಾನು ಓದಿದ್ದು ಬಿಕಾಂ, ಹೊಟ್ಟೆಪಾಡು ಲೆಕ್ಕಪತ್ರ. ದಿನಕ್ಕೆ ಇಪ್ಪತ್ತು ಸಲ "ವೋಚರ್ ಎಲ್ಲಿ?" ಅಂತ ಕೇಳೋದಕ್ಕೇ ನನಗೆ ಸಂಬಳ. ಅದೇ ಪ್ರಶ್ನೆ ಮಗು ಕೇಳಿದರೆ ಎದುರು ಮಾತು!

ಇವಳಿಗೆ ಇದು ಎಲ್ಲಿಂದ ಬಂತು ಅಂತ ನೋಡಿದರೆ, ಕಾರ್ಟೂನಿನಿಂದ. ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ನಾವೆಲ್ಲ ಬೈಯೋದು ಕಾರ್ಟೂನನ್ನೇ: ಮಕ್ಕಳು ಟ್ಯಾಬ್ ಬಿಡಲ್ಲ, ತಟ್ಟೆ ಮುಟ್ಟಲ್ಲ. ಆ ಬೈಗುಳದಲ್ಲಿ ನ್ಯಾಯ ಇಲ್ಲದಿಲ್ಲ. ಆದರೆ ಎಲ್ಲ ಕಾರ್ಟೂನನ್ನೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ.

ಸ್ಕೂಬಿ-ಡೂ ನೋಡಿ. 1969ರಲ್ಲಿ ಶುರುವಾದದ್ದು. ನಾಲ್ಕು ಜನ ಹುಡುಗ ಹುಡುಗಿಯರು, ಒಂದು ಪುಕ್ಕಲು ನಾಯಿ. ಹಾಳು ಬಂಗಲೆಯಲ್ಲಿ ದೆವ್ವ ಇದೆ ಅಂತ ಊರೆಲ್ಲ ಹೆದರಿರುತ್ತೆ. ಇವರು ಒಂದೊಂದೇ ಸುಳಿವು ಕೂಡಿಸಿ, ಕೊನೆಗೆ ಮುಖವಾಡ ಕಿತ್ತರೆ ಒಳಗೆ ದುಡ್ಡಿಗೋ ಆಸ್ತಿಗೋ ಆಸೆಪಟ್ಟ ಒಬ್ಬ ಮನುಷ್ಯ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1995ರ ತಮ್ಮ ಪುಸ್ತಕದಲ್ಲಿ ಇದನ್ನು ಮೆಚ್ಚಿ, ದೊಡ್ಡವರಿಗೂ ಇಂಥದ್ದೊಂದು ಕಾರ್ಯಕ್ರಮ ಇದ್ದರೆ ಉಪಕಾರ ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. (1998ರ ಸ್ಕೂಬಿ-ಡೂ ಸಿನಿಮಾದಲ್ಲಿ ನಿಜವಾದ ದೆವ್ವಗಳನ್ನೇ ತಂದರು. ಅದು ನನ್ನ ಲೆಕ್ಕಕ್ಕೆ ಸೇರಲ್ಲ.)

ನಮ್ಮ ಬೆಂಗಳೂರಿನಲ್ಲಿ ಈ ಮುಖವಾಡ ಕೀಳೋ ಕೆಲಸ ಕಾರ್ಟೂನಿಲ್ಲದೆಯೇ ನಡೆದಿತ್ತು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸೋಕೆ ಒಂದು ಸಮಿತಿ ಮಾಡಿದರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದು ಅನ್ನೋದು ಅವರ ಜೀವನದ ಸೂತ್ರ. ಅವರೂ ನಮ್ಮ ಹಾಗೆ ಈ ದೇಶದ ನೀರು ಕುಡಿದವರೇ, ಪಿಎಚ್‌ಡಿ ಮಾಡಿದ್ದು ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಪ್ರಶ್ನೆ ಕೇಳೋದು ಅಮೆರಿಕದ ಮಕ್ಕಳ ಚಾಳಿ, ನಮ್ಮ ಸಂಸ್ಕಾರ ಅಲ್ಲ ಅನ್ನೋರಿಗೆ ನಾನು ಅವರ ಹೆಸರು ಹೇಳ್ತೀನಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮ್ಯಾಜಿಕ್ ಸ್ಕೂಲ್ ಬಸ್, 1994ರಿಂದ 1997ರವರೆಗೆ ಬಂದ 52 ಕಂತು. ಫ್ರಿಜಲ್ ಅನ್ನೋ ಟೀಚರ್ ಮಕ್ಕಳನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಮನುಷ್ಯನ ಹೊಟ್ಟೆಯೊಳಕ್ಕೂ ಹೋಗ್ತಾರೆ, ಆಕಾಶಕ್ಕೂ ಹೋಗ್ತಾರೆ. ಕಥೆಗಿಂತ ನೋಡಬೇಕಾದ್ದು ಕೊನೆಯ ಎರಡು ನಿಮಿಷ. ಅಲ್ಲಿ ನಿರ್ಮಾಪಕರ ಆಫೀಸಿಗೆ ಮಕ್ಕಳು ಫೋನ್ ಮಾಡ್ತಾರೆ: "ನೀವು ತೋರಿಸಿದ್ದು ಹಾಗೆ ಆಗೋಕೆ ಸಾಧ್ಯವೇ ಇಲ್ಲ!" ಆ ಕಡೆಯವರು ಒಪ್ಪಿಕೊಂಡು, ನಿಜ ಏನು, ಕಥೆಗಾಗಿ ಎಲ್ಲಿ ಬದಲಾಯಿಸಿದೆವು ಅಂತ ಹೇಳ್ತಾರೆ. ಬ್ಯಾಲೆನ್ಸ್ ಶೀಟಿನ ಹಿಂದೆ ನಾವು ಟಿಪ್ಪಣಿ ಹಾಕ್ತೀವಲ್ಲ, ಹಾಗೆ. ತಾನು ಎಲ್ಲೆಲ್ಲಿ ತಪ್ಪು ತೋರಿಸಿದೆ ಅಂತ ತಾನೇ ಹೇಳುವ ಇನ್ನೊಂದು ಟಿವಿ ಕಾರ್ಯಕ್ರಮ ನಾನಂತೂ ನೋಡಿಲ್ಲ.

ಗಣಿತಕ್ಕೆ ಸೈಬರ್‌ಚೇಸ್ ಇದೆ, 2002ರಿಂದ. ಒಂದು ಕಂತಿನಲ್ಲಿ ಜಾತ್ರೆಯಂಥ ಒಂದು ಊರು. ಅಲ್ಲಿನ ಅದೃಷ್ಟದ ಆಟಗಳು ನ್ಯಾಯವಾಗಿವೆಯೋ ಇಲ್ಲವೋ ಅಂತ ಮಕ್ಕಳು ಲೆಕ್ಕ ಹಾಕಬೇಕು. ನಾನು ಚಿಕ್ಕವನಿದ್ದಾಗ ಸಿದ್ಧಗಂಗೆ ಜಾತ್ರೆಯಲ್ಲಿ ರಿಂಗ್ ಎಸೆದು ಎಸೆದು ಕೈಖರ್ಚಿನ ದುಡ್ಡೆಲ್ಲ ಕಳೆದುಕೊಂಡಿದ್ದೆ. ಈ ಪಾಠ ಆಗಲೇ ಸಿಕ್ಕಿದ್ದರೆ ಎರಡು ಪ್ಲೇಟ್ ಮಂಡಕ್ಕಿ ಖಾರ ತಿನ್ನಬಹುದಿತ್ತು.

ಹಾಗಂತ ಕಾರ್ಟೂನ್ ಹಾಕಿಕೊಟ್ಟು ನಾವು ಅಡುಗೆಮನೆಗೆ ಹೋದರೆ ಆಗಲ್ಲ. ಬ್ಲೂಸ್ ಕ್ಲೂಸ್ ಅಂತ 1996ರಲ್ಲಿ ಬಂತು. ಅದರಲ್ಲಿ ಅಣ್ಣ ಒಂದು ಪ್ರಶ್ನೆ ಕೇಳಿ, ಮನೆಯಲ್ಲಿರೋ ಮಗು ಉತ್ತರ ಹೇಳಲಿ ಅಂತ ಸುಮ್ಮನೆ ಕಾಯ್ತಾನೆ. ಒಂದೇ ಕಂತನ್ನು ವಾರದಲ್ಲಿ ಐದು ದಿನವೂ ಹಾಕ್ತಿದ್ದರು, ಮೊದಲ ದಿನ ಗೊತ್ತಾಗದ್ದು ಐದನೇ ದಿನ ಗೊತ್ತಾಗಲಿ ಅಂತ. ನಮ್ಮ ಮನೆಯಲ್ಲಿ ನಾನು ಮಾಡೋದು ಇಷ್ಟೇ: ಅರ್ಧದಲ್ಲಿ ನಿಲ್ಲಿಸಿ, ಕನ್ನಡದಲ್ಲಿ ಕೇಳೋದು. "ಕಳ್ಳ ಯಾರು ಅಂತೀಯಾ? ಯಾಕೆ?" ಮೊದಮೊದಲು ಉತ್ತರವೆಲ್ಲ ಇಂಗ್ಲಿಷಿನಲ್ಲೇ ಬರ್ತಿತ್ತು. ಸುಳಿವು, ಊಹೆ, ಪುರಾವೆ ಅನ್ನೋ ಮೂರು ಮಾತು ಕೊಟ್ಟ ಮೇಲೆ ಸಲೀಸಾಯ್ತು. ಮಲಗುವಾಗ ಪಂಚತಂತ್ರದ ಕಥೆ ಹೇಳ್ತೀನಿ. ಮೂರು ಜನ ಕಳ್ಳರು ಒಬ್ಬರಾದ ಮೇಲೆ ಒಬ್ಬರು ಬಂದು, ಹೆಗಲ ಮೇಲಿರೋದು ಮೇಕೆಯಲ್ಲ, ನಾಯಿ ಅಂತ ನಂಬಿಸಿಬಿಡ್ತಾರಲ್ಲ, ಆ ಬ್ರಾಹ್ಮಣನ ಕಥೆ. ಮಗಳು ಕೇಳಿದ ಪ್ರಶ್ನೆ: "ಅವನು ಒಂದ್ಸಲ ಕೆಳಗಿಳಿಸಿ ನೋಡ್ಲಿಲ್ವಾ?"

ಮ್ಯಾಜಿಕ್ ಸ್ಕೂಲ್ ಬಸ್, ಸೈಬರ್‌ಚೇಸ್ ಎರಡೂ ಮೊದಲು ಬಂದದ್ದು ಪಿಬಿಎಸ್‌ನಲ್ಲಿ. ನಮ್ಮ ಕಮ್ಮಿಂಗ್ ಕಡೆಯವರಿಗೆ ಅದು ಜಾರ್ಜಿಯಾ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್‌ನ 8ನೇ ಚಾನೆಲ್; ಸ್ಟೋನ್ ಮೌಂಟನ್ ಹತ್ತಿದವರು ಮೇಲೆ ಆ ಟವರ್ ನೋಡಿರ್ತೀರಿ. ಒಂದು ಆಂಟೆನಾ ಇದ್ದರೆ ಸಾಕು. ಪಿಬಿಎಸ್ ಕಿಡ್ಸ್ ಆ್ಯಪಿಗೂ ಚಂದಾ ಇಲ್ಲ. ಆದರೆ 2025ರ ಜುಲೈನಲ್ಲಿ ಕಾಂಗ್ರೆಸ್ಸು ಸಾರ್ವಜನಿಕ ಪ್ರಸಾರಕ್ಕೆ ಎರಡು ವರ್ಷಕ್ಕೆಂದು ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ವಾಪಸ್ ತೆಗೆದುಕೊಂಡಿತು. ಮಕ್ಕಳ ಈ ಕಾರ್ಯಕ್ರಮಗಳಿಗೂ ಒಂದಿಷ್ಟು ದುಡ್ಡು ಅಲ್ಲಿಂದ ಬರುತ್ತಿತ್ತು. ಒಂದೇ ಸಂಬಳದಲ್ಲಿ ಬಾಡಿಗೆ ಕಟ್ಟಿ, ಊರಿಗೂ ಕಳಿಸೋ ನಮ್ಮಂಥ ಮನೆಗಳಿಗೆ ಪುಕ್ಕಟೆ ಸಿಗೋ ಒಳ್ಳೆ ವಸ್ತುಗಳು ತುಂಬ ಇಲ್ಲ. ತಿಂಗಳಿಗೆ ಐದು ಡಾಲರ್ ಕೊಡೋಕೆ ಶುರು ಮಾಡಿದೀನಿ.

ಅಂದ ಹಾಗೆ, ಅವತ್ತು ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, "ಗೊತ್ತಿಲ್ಲ ಕಣೇ ಮರಿ. ಯಾರೋ ಕಳಿಸಿದ್ರು, ನಾನೂ ಕಳಿಸ್ದೆ" ಅಂದರು. ಹೋದ ವಾರ ಗ್ರೂಪಿಗೆ ಇನ್ನೊಂದು ಸಂದೇಶ ಬಂತು, ನಿಂಬೆಹಣ್ಣಿನ ನೀರಿಂದ ಯಾವುದೋ ದೊಡ್ಡ ಕಾಯಿಲೆ ವಾಸಿಯಾಗುತ್ತಂತೆ. ಈ ಸಲ ಅಮ್ಮ ಕೆಳಗೆ ಮೊಮ್ಮಗಳ ಹೆಸರು ಹಾಕಿ, "ಇದು ಯಾರು ಹೇಳಿದ್ದು ನೋಡೇ" ಅಂತ ಬರೆದಿದ್ದರು. ಅಜ್ಜಿ ಮೊಮ್ಮಗಳು ಇಬ್ಬರೂ ಇನ್ನೂ ಹುಡುಕ್ತಾ ಇದ್ದಾರೆ.