ಪೆಟ್ಟು ಬಿತ್ತು ಅಂತ ಬರೆಯುವವರು ಯಾರು?

ಹೋದ ಬೇಸಿಗೆ ರಜೆಯಲ್ಲಿ ಗರಗದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ದಿನ ಯುದ್ಧ ನಡೆಯಿತು. ಇದ್ದದ್ದು ಇನ್ನೂರು ಪುಟದ ಒಂದು ಗೆರೆ ವಹಿ, ಎರಡು ಪೆನ್ನು. ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಮೊಮ್ಮಗ ಕಿತ್ತೂರು ಕೋಟೆಯ ಕಾವಲಿನವನಾದ. ಪಕ್ಕದ ಮನೆಯ ಹುಡುಗಿ ಕಂಪನಿ ಸರಕಾರದ ಸಿಪಾಯಿಯಾದಳು. ಅವನು ತನ್ನ ಪಾತ್ರ ಏನು ಮಾಡಿತು, ಏನು ಮಾತಾಡಿತು ಅಂತ ನಾಲ್ಕು ಸಾಲು ಬರೆದು ವಹಿ ಆಕೆಯ ಕಡೆ ಸರಿಸಬೇಕು. ಆಕೆ ತನ್ನ ನಾಲ್ಕು ಸಾಲು ಬರೆದು ತಿರುಗಿ ಸರಿಸಬೇಕು. ಪಾತ್ರ ಹಿಡಿದು ಬರೆಯುವ ಈ ಆಟಕ್ಕೆ ರೋಲ್ ಪ್ಲೇ ಅನ್ನುತ್ತಾರಂತೆ, ಹುಡುಗ ಅದನ್ನು ಗೆಳೆಯರಿಂದ ಕಲಿತು ಬಂದಿದ್ದ.

ಎರಡು ಪುಟ ಚೆಂದ ನಡೆಯಿತು. ಕೋಟೆಯ ಬಾಗಿಲು, ಬೆಳಗಿನ ಮಂಜು, ಕುದುರೆಯ ಕೆನೆತ ಎಲ್ಲ ಬಂದವು. ಮೂರನೇ ಪುಟದಲ್ಲಿ ಇವನ ಕತ್ತಿ ಆಕೆಯ ಸಿಪಾಯಿಯ ಹೆಗಲಿಗೆ ಬಿತ್ತು. ಆಕೆ ಬರೆದಳು, ಬೀಳಲಿಲ್ಲ, ನಾನು ಬಗ್ಗಿದೆ, ನನ್ನ ಬಂದೂಕಿನ ಸಂಗೀನು ಅವನ ಹೊಟ್ಟೆಗೆ ಇಳಿಯಿತು. ಇಳಿಯಲಿಲ್ಲ, ಅಂಗಿಯ ಒಳಗೆ ಕಬ್ಬಿಣದ ತಗಡು ಕಟ್ಟಿಕೊಂಡಿದ್ದೆ ಅಂತ ಇವನು. ಏಳನೇ ಪುಟಕ್ಕೆ ಬರುವ ಹೊತ್ತಿಗೆ ಹತ್ತಾರು ಪೆಟ್ಟು ಬೀಸಿದ್ದರು, ಒಂದು ಹನಿ ರಕ್ತ ಬಂದಿರಲಿಲ್ಲ. ಇಬ್ಬರ ಮುಖವೂ ಕೆಂಪಾಗಿತ್ತು.

"ಆಯಿ, ಹಿಸ್ಟರಿ ಟೀಚರ್ ಇದ್ದಿ ನೀ. ಯಾರಿಗೆ ಪೆಟ್ಟು ಬಿತ್ತು, ನೀನ ಹೇಳು."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ನಾನು. ಯಾವ ಯುದ್ಧದಲ್ಲಿ ಯಾರು ಗೆದ್ದರು ಅಂತ ಕೇಳಿದರೆ ಹೇಳಬಲ್ಲೆ. ನಡೆಯದೆ ಇರುವ ಹೊಡೆದಾಟದಲ್ಲಿ ಯಾರಿಗೆ ಪೆಟ್ಟು ಬಿತ್ತು ಅಂತ ಹೇಗೆ ಹೇಳಲಿ? ಆದರೆ ಈ ತಕರಾರು ನಮ್ಮ ಪಡಸಾಲೆಯದಷ್ಟೇ ಆಗಿರಲಿಲ್ಲ. ಈ ಆಟ ಆಡುವವರಲ್ಲಿ ಎರಡು ಪಂಗಡ. ಒಬ್ಬರು ದಾಳ ಹಾಕೋಣ, ಬಿದ್ದ ಗರ ಹೇಳಿದಂತೆ ಕೇಳೋಣ ಅನ್ನುತ್ತಾರೆ. ಇನ್ನೊಬ್ಬರು ದಾಳವೇಕೆ, ಆ ಆಯುಧ, ಆ ಜಾಗ, ಆ ಮನುಷ್ಯನ ಕಸುವು ನೋಡಿದರೆ ನಿಜವಾಗಿ ಏನಾಗುತ್ತಿತ್ತು ಅಂತ ತಿಳಿಯುತ್ತದೆ, ಹಾಗೆ ಬರೆಯೋಣ ಅನ್ನುತ್ತಾರೆ. ಈ ಜಗಳದ ಬೇರು ಇನ್ನೂರು ವರ್ಷ ಹಿಂದಿನದು, ಮತ್ತು ಆ ವರ್ಷ ನಮ್ಮ ಭಾಗದವರು ಮರೆಯುವಂಥದ್ದಲ್ಲ.

1824ರಲ್ಲಿ ಪ್ರಷ್ಯಾದ ತೋಪಿನ ಪಡೆಯ ಅಧಿಕಾರಿ ಜಾರ್ಜ್ ಫೊನ್ ರೈಸ್‌ವಿಟ್ಸ್ ಎಂಬಾತ ಬರ್ಲಿನ್‌ನಲ್ಲಿ ಒಂದು ನಿಯಮದ ಪುಸ್ತಕ ಪ್ರಕಟಿಸಿದ. ಆಟದ ಹೆಸರು ಕ್ರೀಗ್ಸ್‌ಪೀಲ್, ಅಂದರೆ ಯುದ್ಧದಾಟ. ಅವನ ತಂದೆ 1812ರಲ್ಲೇ ಅದರ ಮೊದಲ ರೂಪವನ್ನು ಪ್ರಷ್ಯಾದ ರಾಜನಿಗೆ ಮಾಡಿಕೊಟ್ಟಿದ್ದ. ನಕಾಶೆಯ ಮೇಲೆ ತುಕಡಿಗಳನ್ನು ಸರಿಸುತ್ತ ಎರಡು ಪಕ್ಷ ಕಾದಾಡುತ್ತವೆ, ನಡುವೆ ಒಬ್ಬ ಪಂಚ ಕೂತಿರುತ್ತಾನೆ. ಇಷ್ಟು ದೂರದಿಂದ ಇಷ್ಟು ಜನ ಗುಂಡು ಹಾರಿಸಿದರೆ ಎಷ್ಟು ಮಂದಿ ಬೀಳುತ್ತಾರೆ ಅನ್ನುವುದಕ್ಕೆ ಕೋಷ್ಟಕಗಳಿದ್ದವು, ಆ ಕೋಷ್ಟಕ ಓದುವ ಮೊದಲು ದಾಳ ಹಾಕಬೇಕಿತ್ತು. ಅಂದರೆ ದಾಳ ಅಲ್ಲಿಗೆ ಬಂದದ್ದೇ ಯುದ್ಧವನ್ನು ಇದ್ದಂತೆ ತೋರಿಸಲಿಕ್ಕೆ. ಅದೇ ಗುರಿ, ಅದೇ ದೂರ ಇದ್ದರೂ ರಣರಂಗದಲ್ಲಿ ಎರಡು ಸಲ ಒಂದೇ ಫಲ ಬರುವುದಿಲ್ಲ ಅನ್ನುವುದು ಆ ಅಧಿಕಾರಿಗೆ ಗೊತ್ತಿತ್ತು.

ಐವತ್ತು ವರ್ಷದಲ್ಲಿ ಅದೇ ಸೈನ್ಯಕ್ಕೆ ಕೋಷ್ಟಕ ಓದಿ ಓದಿ ಬೇಸರವಾಯಿತು. 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಇನ್ನೊಬ್ಬ ಸೇನಾಧಿಕಾರಿ ದಾಳವನ್ನೂ ಕೋಷ್ಟಕವನ್ನೂ ಪಕ್ಕಕ್ಕಿಟ್ಟು, ಅನುಭವವುಳ್ಳ ಪಂಚ ಹೇಳಿದ್ದೇ ತೀರ್ಪು ಅಂತ ಬರೆದ. ಇಂದಿನ ರೋಲ್ ಪ್ಲೇ ಆಟಗಳು ಈ ಎರಡೂ ದಾರಿಯಲ್ಲಿ ನಡೆದಿವೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇಪ್ಪತ್ತು ಮುಖದ ದಾಳವನ್ನು ಮನೆಮಾತು ಮಾಡಿತು. 1991ರಲ್ಲಿ ಎರಿಕ್ ವೂಯಿಚಿಕ್ ಬರೆದ ಆಂಬರ್ ಎಂಬ ಆಟದಲ್ಲಿ ದಾಳವೇ ಇಲ್ಲ. ಯಾರು ಮೇಲು ಅನ್ನುವುದು ಮೊದಲೇ ಗೊತ್ತು, ಕೆಳಗಿನವನು ಗೆಲ್ಲಬೇಕಾದರೆ ಬುದ್ಧಿ ಓಡಿಸಬೇಕು.

ಅದೇ 1824ರ ಅಕ್ಟೋಬರ್ 23ರಂದು ನಮ್ಮೂರಿಂದ ದೂರವಿಲ್ಲದ ಕಿತ್ತೂರಿನಲ್ಲಿ ಏನಾಯಿತು ಅಂತ ಮಕ್ಕಳಿಗೆ ಮತ್ತೊಮ್ಮೆ ಹೇಳಿದೆ. ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪು ತಂದು ಕೋಟೆಯ ಮುಂದೆ ನಿಂತು ಬಾಗಿಲು ತೆಗೆಯಲು ಗಡುವು ಕೊಟ್ಟ. ಬಾಗಿಲು ತೆರೆಯಿತು. ಒಳಗಿನಿಂದ ರಾಣಿ ಚೆನ್ನಮ್ಮನ ದಂಡು ನುಗ್ಗಿ ಬಂತು. ಥ್ಯಾಕರೆ ಸತ್ತ. ಆ ದಂಡಿನ ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದ ಅಂತ ನಮ್ಮ ಜನ ಹೇಳುತ್ತಾರೆ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಈ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಊರೂರು ಹುಡುಕಿ ಪ್ರತಿ ಮಾಡಿಸಿದವನು. ಅಂದು ಅವನಿಗೆ ಒಂದು ಗುಂಡು ತಾಗಿದ್ದರೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಥ್ಯಾಕರೆಯ ಸಮಾಧಿ ಧಾರವಾಡದಲ್ಲಿದೆ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ಕೂಡಿಸಿಕೊಂಡು ಬಂದಾಗ ಕೋಟೆ ಉಳಿಯಲಿಲ್ಲ.

"ಈಗ ಹೇಳ್ರಿ, ಅಕ್ಟೋಬರಿನ ಕಿತ್ತೂರನ್ನ ದಾಳದಿಂದ ಬರೀಬೇಕೋ, ಲೆಕ್ಕದಿಂದ ಬರೀಬೇಕೋ?" ಅಂದೆ. ತೋಪು ಕಂಪನಿಯ ಕಡೆ ಇತ್ತು, ಕವಾಯತು ಕಲಿತ ಸಿಪಾಯಿಗಳಿದ್ದರು. ಲೆಕ್ಕ ಹಾಕಿದವರು ಕಂಪನಿ ಗೆಲ್ಲುತ್ತದೆ ಅಂತಲೇ ಬರೆಯುತ್ತಿದ್ದರು. ಹುಡುಗಿ ಥಟ್ಟನೆ ಅಂದಳು, "ಹಂಗಾದ್ರ ಲೆಕ್ಕ ತಪ್ಪು." ಹುಡುಗ ಅಂದ, "ಲೆಕ್ಕ ತಪ್ಪಲ್ಲ, ಬಾಗಿಲಾ ತಗದು ಹೊರಗ ಬರ್ತಾರ ಅನ್ನೋದು ಲೆಕ್ಕದಾಗ ಇರಲಿಲ್ಲ." ಇಬ್ಬರ ಮಾತಿನಲ್ಲೂ ಹುರುಳಿತ್ತು.

ಲೆಕ್ಕವೂ ಅದೃಷ್ಟವೂ ಒಟ್ಟಿಗೇ ಇರುತ್ತವೆ ಅನ್ನುವುದು ನನಗೆ ತಿಳಿದದ್ದು ಮಗ್ಗದಿಂದ. ಗರಗ ಅಂದರೆ ಹೊರಗಿನವರಿಗೆ ರಾಷ್ಟ್ರಧ್ವಜದ ಖಾದಿ ಬಟ್ಟೆ, ನಮಗೆ ಮಡಿವಾಳೇಶ್ವರ ಮಠ ಮತ್ತು ಖಾದಿ ಎರಡೂ. ನಮ್ಮವ್ವ ಖಾದಿ ಕೇಂದ್ರಕ್ಕೆ ನೂಲುತ್ತಿದ್ದಳು. ಧ್ವಜದ ಬಟ್ಟೆ ಎಳೆ ಎಣಿಸಿ ಒಪ್ಪಿಸುವ ಕೆಲಸ, ಅಲ್ಲಿ ಅದೃಷ್ಟಕ್ಕೆ ಜಾಗವಿಲ್ಲ ಅನ್ನಿಸುತ್ತದೆ. ಆದರೂ ನೇಯುವಾಗ ಎಳೆ ಕಡಿಯುತ್ತದೆ. ಹಾಸಿನ ನೂರಾರು ಎಳೆಗಳಲ್ಲಿ ಈಗ ಯಾವುದು ಕಡಿಯುತ್ತದೆ ಅಂತ ಎಂಥ ಕಸುಬುದಾರಳಿಗೂ ಗೊತ್ತಿಲ್ಲ. ಆದರೆ ಒಣಗಾಳಿ ಬೀಸುವ ಮಧ್ಯಾಹ್ನ ಹೆಚ್ಚು ಕಡಿಯುತ್ತವೆ, ಗಂಜಿ ಸರಿಯಾಗಿ ಹಿಡಿದಿದ್ದರೆ ಕಡಿಮೆ ಕಡಿಯುತ್ತವೆ ಅನ್ನುವುದು ಎಲ್ಲರಿಗೂ ಗೊತ್ತು. ನಿಜ ಅನ್ನುವುದು ಹೀಗೇ ಇರುತ್ತದೆ. ಗೊತ್ತಿರುವ ಕಾರಣಗಳು ಎಳೆಯನ್ನು ಕಡಿಯುವ ಕಡೆಗೆ ದೂಡುತ್ತವೆ, ಕೊನೆಯ ಒಂದು ನೂಲು ಮಾತ್ರ ಗೊತ್ತಿಲ್ಲದ್ದು. ದಾಳ ಬೇಕಾದದ್ದು ಆ ಒಂದು ನೂಲಿಗೆ.

ಸಂಜೆ ಕಪಾಟಿನಿಂದ ನಾಲ್ಕು ಕವಡಿ ತೆಗೆದೆ. ಚೌಕಾಬಾರ ಆಡಿದವರಿಗೆ ಅವುಗಳ ಲೆಕ್ಕ ಬೆರಳ ತುದಿಯಲ್ಲಿರುತ್ತದೆ. ಬಾಯಿ ಮೇಲಾದವು ಎಷ್ಟೋ ಅಷ್ಟು ಗರ, ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಒಂದೊಂದು ಕವಡಿ ಮೇಲೆ ಬೀಳುವುದೂ ಬೋರಲು ಬೀಳುವುದೂ ಸಮ ಅಂತ ಇಟ್ಟುಕೊಂಡರೆ ನಾಲ್ಕು ಕವಡಿ 16 ಬಗೆಯಲ್ಲಿ ಬೀಳಬಲ್ಲವು. ಅದರಲ್ಲಿ ಎರಡು ಗರ ಬರುವುದು 6 ಬಗೆ, ಒಂದು ಬರುವುದು 4, ಮೂರು ಬರುವುದು 4. ಚೌಕ ಒಂದೇ ಬಗೆ, ಬಾರ ಒಂದೇ ಬಗೆ. ಇಪ್ಪತ್ತು ಮುಖದ ದಾಳದಲ್ಲಿ ಹೀಗಲ್ಲ, 1 ಬೀಳುವುದೂ 11 ಬೀಳುವುದೂ 20 ಬೀಳುವುದೂ ನೂರಕ್ಕೆ ಐದೇ ಸಲ. ಅದಕ್ಕೇ ಆ ಆಟಗಳಲ್ಲಿ ನಿನ್ನೆ ಕತ್ತಿ ಹಿಡಿದವನು ಇಂದು ಮಹಾವೀರನನ್ನು ಕೆಡವುವುದು, ಮಹಾವೀರ ತನ್ನ ಕಾಲಿಗೇ ತಾನು ತೊಡರುವುದು ಮತ್ತೆ ಮತ್ತೆ ಆಗುತ್ತದೆ. ಓದಲು ಕುಳಿತವರಿಗೆ ಅದು ಸುಳ್ಳು ಅನ್ನಿಸುತ್ತದೆ, ದಾಳದ ಮೇಲಿನ ಸಿಟ್ಟು ಬಹಳ ಮಟ್ಟಿಗೆ ಅಲ್ಲಿಂದ ಬಂದದ್ದು. ಕವಡಿಯಲ್ಲಿ ಹದಿನಾರರಲ್ಲಿ ಹದಿನಾಲ್ಕು ಪಾಲು ಒಂದು, ಎರಡು, ಮೂರರಲ್ಲೇ ಮುಗಿಯುತ್ತದೆ. ಹೊಡೆದಾಟವೂ ಬಹಳ ಹೊತ್ತು ಹಾಗೇ ನಡೆಯುತ್ತದೆ, ತಳ್ಳುವುದು, ಹಿಂದೆ ಸರಿಯುವುದು, ತರಚುವುದು. ಸಾವಾಗಲಿ ಅನಾಹುತವಾಗಲಿ ಯಾವಾಗಲೋ ಒಮ್ಮೆ.

ಮೂವರೂ ಕೂತು ಕರಾರು ಮಾಡಿಕೊಂಡೆವು. ಎರಡು ಬಿದ್ದರೆ ಯಾರಿಗೂ ಏನೂ ಇಲ್ಲ. ಮೂರಾದರೆ ಬೀಸಿದ್ದು ತಾಗಿತು. ಒಂದಾದರೆ ಬೀಸಿದವನೇ ಹಿಂದೆ ಸರಿಯಬೇಕು. ಚೌಕಕ್ಕೆ ಎದುರಿನವನು ನೆಲಕ್ಕೆ. ಬಾರ ಬಿದ್ದರೆ ಬೀಸಿದವನಿಗೇ ಅನಾಹುತ. ಕವಡಿ ಎತ್ತುವ ಮೊದಲೇ ಇದೆಲ್ಲ ವಹಿಯಲ್ಲಿ ಬರೆದಿರಬೇಕು, ಬಿದ್ದ ಮೇಲೆ ಅರ್ಥ ಬದಲಿಸುವಂತಿಲ್ಲ. ಇಲ್ಲದಿದ್ದರೆ ಜಗಳ ಪೆಟ್ಟಿನಿಂದ ಎದ್ದು ಕವಡಿಯ ಮೇಲೆ ಹೋಗಿ ಕೂತುಕೊಳ್ಳುತ್ತದೆ.

ಆಮೇಲೆ ನಿಜವನ್ನು ತಂದು ಕವಡಿಯ ಪಕ್ಕಕ್ಕಿಟ್ಟೆವು. 1824ರ ಬಂದೂಕಿಗೆ ಮದ್ದು, ಗುಂಡು ಎರಡನ್ನೂ ಬಾಯಿಯಿಂದ ತುಂಬಬೇಕು, ಕಲ್ಲಿನ ಕಿಡಿಯಿಂದ ಮದ್ದು ಹತ್ತಬೇಕು. ಪಳಗಿದ ಸಿಪಾಯಿ ನಿಮಿಷಕ್ಕೆ ಎರಡು ಮೂರು ಗುಂಡು ಹಾರಿಸಿದರೆ ಹೆಚ್ಚು. ಹುಡುಗಿ ತನ್ನ ಸಿಪಾಯಿ ಒಂದೇ ಉಸಿರಿಗೆ ಐದು ಗುಂಡು ಹಾರಿಸಿದ ಅಂತ ಬರೆದಿದ್ದಳು, ಅದನ್ನು ಹೊಡೆದುಹಾಕಿದಳು. ಹುಡುಗನ ಅಂಗಿಯೊಳಗಿನ ತಗಡನ್ನು ನಾನು ಕೇಳಿದೆ, ಯಾವ ಪುಟದಲ್ಲಿ ಕಟ್ಟಿಕೊಂಡೆ? ಮೊದಲು ಬರೆದಿಲ್ಲದ ತಗಡು ಹೊಟ್ಟೆಯ ಮೇಲೆ ಹುಟ್ಟುವಂತಿಲ್ಲ. ಮಳೆಹನಿ ಬಿದ್ದ ಬೆಳಗು ಅಂತ ಇಬ್ಬರೂ ಮೊದಲ ಪುಟದಲ್ಲೇ ಒಪ್ಪಿದ್ದರಿಂದ ಬಂದೂಕಿನ ಪಾಲಿಗೆ ಬಾರದ ಜೊತೆಗೆ ಒಂದನ್ನೂ ಅನಾಹುತಕ್ಕೆ ಸೇರಿಸಿದೆವು. ಮದ್ದು ಹತ್ತದಿರುವ ಸಂಭವ ಹದಿನಾರರಲ್ಲಿ ಒಂದಿದ್ದದ್ದು ಐದಾಯಿತು. ಹುಡುಗಿ ಅಂದು ಸೋತರೂ ಈ ಲೆಕ್ಕವನ್ನು ಒಪ್ಪಿದಳು, ಏಕೆಂದರೆ ಮಳೆಯನ್ನು ಬರೆದವಳು ಅವಳೇ.

ದಾಳವೂ ಲೆಕ್ಕವೂ ಬೇರೆ ಬೇರೆ ಅಂತ ನಮ್ಮ ಹಿರಿಯರೂ ಎಣಿಸಿರಲಿಲ್ಲ. ಕನಕದಾಸರು ನಳಚರಿತ್ರೆಯಲ್ಲಿ ಹೇಳಿದ ಕಥೆಯ ಋತುಪರ್ಣ ರಾಜನನ್ನು ನೆನೆಯಿರಿ. ಭಾರತದ ಕಥೆಯಲ್ಲಿ ಅವನು ತಾರೆಮರದ ಎಲೆ, ಕಾಯಿಗಳನ್ನು ಕಂಡ ಮಾತ್ರಕ್ಕೆ ಎಣಿಸಿ ಹೇಳುತ್ತಾನೆ, ಅದೇ ವಿದ್ಯೆ ದಾಳದ ಮರ್ಮವೂ ಹೌದು, ಅದನ್ನು ಕಲಿತೇ ನಳ ಕಳೆದ ರಾಜ್ಯ ಗೆಲ್ಲುತ್ತಾನೆ. ಕರ್ಣನ ರಥದ ಗಾಲಿ ಹೂತದ್ದನ್ನು ಮೊಮ್ಮಗ ದಾಳದ ಕಡೆಗೆ ಸಾಕ್ಷಿಯಾಗಿ ತಂದ. ನಾನು ಒಪ್ಪಲಿಲ್ಲ. ಮಳೆಗಾಲದಲ್ಲಿ ಎರಿ ಹೊಲಕ್ಕೆ ಚಕ್ಕಡಿ ಇಳಿಸಿದವರಿಗೆ ಗಾಲಿ ಹೂಳುವುದು ಗೊತ್ತು, ಆದರೆ ಕರ್ಣನ ಗಾಲಿಯ ಹಿಂದೆ ಶಾಪಗಳಿವೆ, ಸಾರಥ್ಯಕ್ಕೆ ಕೂತ ಶಲ್ಯನ ಕಹಿ ಇದೆ. ಕವಿ ಅದನ್ನು ಎಷ್ಟೋ ಮೊದಲೇ ಬರೆದಿಟ್ಟಿದ್ದಾನೆ. ಅಲ್ಲಿ ಗರ ಬಿದ್ದಿಲ್ಲ.

ಇನ್ನೊಂದು ದಾರಿ ನಾನು ಚಿಕ್ಕಂದಿನಿಂದ ನೋಡಿದ್ದು. ದೊಡ್ಡಾಟ. ರಾತ್ರಿಯಿಡೀ ಅಟ್ಟದ ಮೇಲೆ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕುಣಿದವರು ಬೆಳಗಿನ ಜಾವಕ್ಕೆ ಯುದ್ಧಕ್ಕಿಳಿಯುತ್ತಿದ್ದರು. ಅಭಿಮನ್ಯು ಸಾಯುತ್ತಾನೆ ಅಂತ ಕಂಕುಳ ಕೂಸಿಗೂ ಗೊತ್ತು. ಆದರೂ ಊರು ನಿದ್ದೆ ಕೆಟ್ಟು ಕೂರುತ್ತಿತ್ತು. ಮದ್ದಳೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕುತ್ತ ಅವನು ಹೇಗೆ ಬೀಳುತ್ತಾನೆ ಅನ್ನುವುದನ್ನು ನೋಡಲಿಕ್ಕೆ ಕಾಯುತ್ತಿತ್ತು. ಚೆನ್ನಾಗಿ ಬಿದ್ದವನನ್ನು ಮರುದಿನ ಮನೆ ಮನೆಗೆ ಕರೆದು ಚಹಾ ಕೊಡುತ್ತಿದ್ದರು. ಬೀಳುವುದು ಕಲೆ ಅನ್ನುವುದು ಆ ಅಟ್ಟದ ಮೇಲಿನವರಿಗೆ ತಿಳಿದಿತ್ತು. ವಹಿಯಲ್ಲಿ ಕಾದಾಡುವ ನಮ್ಮ ಮಕ್ಕಳಿಗೆ ಅದೇ ತಿಳಿದಿರಲಿಲ್ಲ, ಮತ್ತು ಅವರು ಏಳು ಪುಟ ಜಗಳವಾಡಿದ್ದೂ ಅದರಿಂದಲೇ. ನನಗೆ ಪೆಟ್ಟು ಬಿತ್ತು ಅಂತ ತನ್ನ ಕೈಯಾರೆ ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಕವಡಿ ಮಾಡಿದ ದೊಡ್ಡ ಉಪಕಾರ ಇದು, ಬರೆಯುವವನ ಅಭಿಮಾನಕ್ಕೆ ನೋವಾಗದಂತೆ ಅವನ ಪಾತ್ರಕ್ಕೆ ಗಾಯ ಮಾಡಿತು. ಎದುರಿನವರು ಹೊಡೆದರೆ ಸಿಟ್ಟು ಬರುತ್ತಿತ್ತು. ಕವಡಿ ಹೊಡೆದಾಗ ಹುಡುಗ ಮೊದಲ ಬಾರಿಗೆ ಕುತೂಹಲದಿಂದ ಬರೆದ, ತೋಳಿಗೆ ಬಿದ್ದ ಪೆಟ್ಟು ಮೊದಲು ಉರಿಯಲಿಲ್ಲ, ಬೆಚ್ಚಗೆ ಒದ್ದೆಯಾಯಿತು ಅಂತ.

ಕಿತ್ತೂರು ಅಂದು ಗೆಲ್ಲುತ್ತದೋ ಇಲ್ಲವೋ ಅನ್ನುವುದಕ್ಕೆ ನಾವು ಕವಡಿ ಹಾಕಲಿಲ್ಲ. ಅದು ಗೊತ್ತಿರುವ ಸಂಗತಿ. ಹೆಸರಿಲ್ಲದ ಆ ಕಾವಲಿನವನಿಗೂ ಆ ಸಿಪಾಯಿಗೂ ಏನಾಯಿತು ಅನ್ನುವುದಕ್ಕೆ ಮಾತ್ರ ಹಾಕಿದೆವು. ಮೂರು ದಿನದಲ್ಲಿ ಕಾವಲಿನವನ ಎಡದೋಳು ಹೋಯಿತು, ಸಿಪಾಯಿಯ ಬಂದೂಕು ಎರಡು ಸಲ ಹತ್ತಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಸರದಿ ಹುಡುಗಿಯದು. ಬಾಗಿಲು ತೆರೆದಿತ್ತು, ಒಳಗಿನ ದಂಡು ಮೇಲೆ ಬರುತ್ತಿತ್ತು. ಕವಡಿ ಮಣೆಯ ಮೇಲಿದ್ದವು, ಅವಳು ಮುಟ್ಟಲಿಲ್ಲ. ಬಹಳ ಹೊತ್ತು ಬರೆದಳು, ನಾಲ್ಕು ಸಾಲಿನ ಕರಾರು ಮೀರಿ ಪುಟ ತುಂಬಿಸಿದಳು. ಸಿಪಾಯಿ ಮೂರನೇ ಸಲ ಮದ್ದು ತುಂಬುತ್ತಿದ್ದಾಗ ಎದುರಿಗೆ ಒಂದೇ ತೋಳಿನವನು ಬರುವುದನ್ನು ಕಂಡು ಗಜ ಹಾಕಿ ಮದ್ದು ಜಡಿಯುವುದನ್ನು ಮರೆತ, ಕತ್ತಿ ಹೆಗಲಿಗೆ ಇಳಿಯಿತು, ಅಲ್ಲೇ ಕೂತ, ಮಣ್ಣು ಒದ್ದೆಯಾಗಿತ್ತು ಅಂತ ಬರೆದು ವಹಿ ಸರಿಸಿದಳು.

ಹುಡುಗ ಎರಡು ಸಲ ಓದಿದ. ಪೆನ್ನು ತೆಗೆದುಕೊಳ್ಳಲಿಲ್ಲ.

"ಇವನ ಊರು ಯಾವುದು?" ಅಂತ ಕೇಳಿದ. "ಎಲ್ಲೂ ಬರದೇ ಇಲ್ಲ ನೀ."

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ವಹಿಯನ್ನು ತಿರುಗಿ ತನ್ನ ಕಡೆಗೆ ಎಳೆದುಕೊಂಡಳು.